ಗಾದಿಯ ಮೇಲೆ ಕೂರದ ಹುಬ್ಬಳ್ಳಿಯ ಉದ್ಯಮಿ

ನಿಪ್ಪಾಣಿಯ ತಂಬಾಕು ಪೇಟೆಯಲ್ಲಿ ಮುಂಜಾನೆ ಟ್ರಂಕ್ ಕಾಲ್ ಬುಕ್ ಮಾಡಿ ಸಂಜೆಯವರೆಗೆ ಕಾದು ಕುಳಿತಿದ್ದ ಹಿರಿಯರು ನಮ್ಮ ಸಂಘದ ಸದಸ್ಯರಲ್ಲಿ ಇಂದಿಗೂ ಕೆಲವರಿದ್ದಾರೆ. ಸಾಂಗಲಿಯ ಅರಿಷಿಣ ಪೇಟೆಯ ಧಾರಣೆಯಾಗಲಿ, ಕೊಲ್ಹಾಪುರದ ಬೆಲ್ಲದ ದರವಾಗಲಿ ಚಿಕ್ಕೋಡಿಯ ಅಡತಿ ಅಂಗಡಿಗೆ ತಲುಪುವಷ್ಟರಲ್ಲಿ ಅಲ್ಲಿಯ ಮಾಲು ಮಾರಾಟವಾಗಿ ಹೋಗಿರುತ್ತಿತ್ತು. ಅರ್ಜೆಂಟ್ ಎಂದು ಹೆಚ್ಚಿನ ಹಣ ತೆತ್ತರೂ ಲೈನು ಸಿಕ್ಕೀತೆಂಬ ಭರವಸೆ ಇರಲಿಲ್ಲ. ಇಂದು ರಾಯಬಾಗದ ಹಳ್ಳಿಯ ರೈತನೂ ಹೊಲದ ಬದುವಿನ ಮೇಲೆ ನಿಂತು ಮೂರು ಪೇಟೆಗಳ ದರ ತಿಳಿದುಕೊಂಡು ಮಾಲು ಕಳುಹಿಸುತ್ತಾನೆ. ಈ ಬದಲಾವಣೆಯನ್ನು ನಾವು ಮಳೆ ಬಂದಂತೆ ತಾನಾಗಿ ಬಂದದ್ದೆಂದು ಭಾವಿಸಿಬಿಟ್ಟಿದ್ದೇವೆ. ಇದರ ಹಿಂದೆ ಹಲವರ ಬುದ್ಧಿ, ಬಂಡವಾಳ ಮತ್ತು ಧೈರ್ಯ ಕೆಲಸ ಮಾಡಿದೆ. ಅಂಥವರಲ್ಲಿ ಒಬ್ಬರು ನಮ್ಮ ನಿಪ್ಪಾಣಿಯ ಹೆದ್ದಾರಿಯ ಮೇಲೆಯೇ ಇರುವ ಹುಬ್ಬಳ್ಳಿಯಲ್ಲಿ 1950ರಲ್ಲಿ ಜನಿಸಿದ ಶ್ರೀ ಗುರುರಾಜ ದೇಶಪಾಂಡೆಯವರು.

ಅವರ ಹೆಸರನ್ನು ಕೇಳದವರು ನಮ್ಮಲ್ಲಿ ಕಡಿಮೆ. ಆದರೆ ಕೇಳಿದವರಲ್ಲಿ ಹೆಚ್ಚಿನವರು ಅವರನ್ನು ಅಮೇರಿಕೆಯಲ್ಲಿ ಅಪಾರ ಹಣ ಗಳಿಸಿ ಊರಿಗೆ ದಾನ ಮಾಡಿದ ಶ್ರೀಮಂತರೆಂದೋ, ಶ್ರೀಮತಿ ಸುಧಾ ಮೂರ್ತಿಯವರ ತಂಗಿಯ ಯಜಮಾನರೆಂದೋ ಬಲ್ಲರು. ಅವರು ಮಾಡಿದ ವ್ಯಾಪಾರವೇನು, ಅದನ್ನು ನಡೆಸಿದ ಬಗೆ ಯಾವುದು, ಎಲ್ಲಿ ಸೋತರು ಎಂಬುದನ್ನು ವ್ಯಾಪಾರಿಗಳಾದ ನಾವು ಕೇಳಿಕೊಂಡಿಲ್ಲ. ಈ ಲೇಖನದಲ್ಲಿ ಅವರ ಗುಣಗಾನ ಮಾಡುವ ಉದ್ದೇಶ ನನಗಿಲ್ಲ. ಅವರ ವೃತ್ತಿಜೀವನದಲ್ಲಿ ಎರಡು ಸಂಗತಿಗಳು ನಮ್ಮ ಐದು ತಾಲೂಕುಗಳ ಪೇಢಿಗಳಿಗೂ ವರ್ಕ್‌ಶಾಪುಗಳಿಗೂ ನೇರವಾಗಿ ಸಂಬಂಧಿಸಿವೆ ಎಂದು ನನಗೆ ತೋರಿದ್ದರಿಂದ ಬರೆಯುತ್ತಿದ್ದೇನೆ.

ದೂರಸಂಪರ್ಕದ ಕ್ರಾಂತಿಗೂ ನಮ್ಮ ಜಿಲ್ಲೆಗೂ ಇರುವ ನಂಟನ್ನು ಮೊದಲಿಗೆ ನೆನಪಿಸಬೇಕು. 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ನೇತೃತ್ವದಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಗ್ರಾಮೀಣ ಪ್ರದೇಶಕ್ಕೆಂದೇ 128 ಲೈನುಗಳ ಸಣ್ಣ ಎಲೆಕ್ಟ್ರಾನಿಕ್ ವಿನಿಮಯ ಕೇಂದ್ರವನ್ನು ರೂಪಿಸಿತು. ಹವಾನಿಯಂತ್ರಣ ಬೇಕಿಲ್ಲದ, ನಮ್ಮ ಬಿಸಿಲು ಧೂಳುಗಳನ್ನು ತಾಳಿಕೊಳ್ಳಬಲ್ಲ ಆ ಯಂತ್ರದ ಮೊದಲ ಕೇಂದ್ರ 1986ರಲ್ಲಿ ಕಾರ್ಯಾರಂಭ ಮಾಡಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಕಿತ್ತೂರನ್ನು ನಾವು ಪ್ರತಿ ವರ್ಷ ಸ್ಮರಿಸುತ್ತೇವೆ. ಈ ಕಿತ್ತೂರನ್ನು ಮರೆತಿದ್ದೇವೆ. ಅನಂತರ ಊರೂರಿಗೆ ಬಂದ ಹಳದಿ ಬಣ್ಣದ ಎಸ್.ಟಿ.ಡಿ. ಬೂತುಗಳಲ್ಲಿ ಎಷ್ಟು ಮನೆಗಳ ಅನ್ನ ಬೆಂದಿತೆಂಬುದು ಬಸ್ ಸ್ಟ್ಯಾಂಡಿನ ಎದುರು ಅಂಗಡಿ ಇಟ್ಟವರಿಗೆಲ್ಲ ಗೊತ್ತು.

ದೇಶಪಾಂಡೆಯವರ ಕೆಲಸ ಇದಕ್ಕಿಂತ ಭಿನ್ನವಾದದ್ದು, ಗ್ರಾಹಕನ ಕಣ್ಣಿಗೆ ಬೀಳದಂಥದ್ದು. ಅವರು 1973ರಲ್ಲಿ ಮದ್ರಾಸಿನ ಐ.ಐ.ಟಿ.ಯಿಂದ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದು ಕೆನಡಾಕ್ಕೆ ಹೋದರು. ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ, ಕಿಂಗ್‌ಸ್ಟನ್ನಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ದತ್ತಾಂಶ ಸಂವಹನದ ವಿಷಯದಲ್ಲಿ ಡಾಕ್ಟರೇಟ್, ಅಲ್ಲಿಯೇ ಕೆಲಕಾಲ ಅಧ್ಯಾಪಕ ವೃತ್ತಿ. ಆಮೇಲೆ ಮೊಟೊರೋಲಾ ಒಡೆತನದ ಕೋಡೆಕ್ಸ್ ಕಂಪನಿಯಲ್ಲಿ ನೌಕರಿ, ಮೊದಲು ಕೆನಡಾದಲ್ಲಿ, ಎಂಬತ್ತರ ದಶಕದಲ್ಲಿ ಅಮೇರಿಕೆಯ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಇಲ್ಲಿಯವರೆಗೆ ನಮ್ಮ ಭಾಗದಿಂದ ಹೊರಹೋದ ಅನೇಕ ಬುದ್ಧಿವಂತ ಹುಡುಗರ ಕಥೆಯಂತೆಯೇ ಇದೆ. ಮುಂದಿನದು ಬೇರೆ.

ಅವರು ಮಾರಿದ ವಸ್ತು ಯಾವುದೆಂಬುದನ್ನು ನಮ್ಮ ಧಂದೆಯ ಮಾತಿನಲ್ಲಿಯೇ ಹೇಳಬಹುದು. ಹಳೆಯ ಟೆಲಿಫೋನ್ ಪದ್ಧತಿಯೆಂದರೆ ಪೂರ್ತಿ ಲಾರಿಯನ್ನು ಬಾಡಿಗೆಗೆ ಹಿಡಿದಂತೆ. ಎರಡು ಚೀಲ ಮಾಲು ಇದ್ದರೂ ಲಾರಿ ನಿಮ್ಮದೇ; ನೀವು ಮಾತನಾಡದೆ ಸುಮ್ಮನಿದ್ದರೂ ಆ ಲೈನು ಬೇರೆಯವರಿಗೆ ಸಿಗದು. ಕಂಪ್ಯೂಟರುಗಳು ಪರಸ್ಪರ ಮಾತನಾಡತೊಡಗಿದಾಗ ಈ ಪದ್ಧತಿ ಬಹಳ ದುಬಾರಿಯಾಯಿತು. ಏಕೆಂದರೆ ಕಂಪ್ಯೂಟರಿನ ಮಾತು ಒಮ್ಮೆಲೇ ಭೋರೆಂದು ಬಂದು ಆಮೇಲೆ ಬಹಳ ಹೊತ್ತು ನಿಂತುಬಿಡುತ್ತದೆ. ಇದಕ್ಕೆ ಪರಿಹಾರವೆಂದರೆ ಪಾರ್ಸಲ್ ಸರ್ವಿಸ್. ಹತ್ತು ವ್ಯಾಪಾರಿಗಳ ಗಂಟುಗಳನ್ನು ಒಂದೇ ಲಾರಿಗೆ ಹಾಕಿ, ಪ್ರತಿ ಗಂಟಿನ ಮೇಲೆ ವಿಳಾಸ ಬರೆದು, ಜಂಕ್ಷನ್ನಿನ ಡಿಪೋದಲ್ಲಿ ಇಳಿಸಿ ಬೇರೆ ಬೇರೆ ದಾರಿಗೆ ಹಚ್ಚುವುದು. ದತ್ತಾಂಶ ಜಾಲದಲ್ಲಿ ಆ ಡಿಪೋದ ಕೆಲಸ ಮಾಡುವ ಯಂತ್ರಕ್ಕೆ ಸ್ವಿಚ್ ಎನ್ನುತ್ತಾರೆ. ದೇಶಪಾಂಡೆಯವರ ಕಂಪನಿಗಳು ಇಂಥ ಯಂತ್ರಗಳನ್ನು ತಯಾರಿಸಿ ಟೆಲಿಫೋನ್ ಕಂಪನಿಗಳಿಗೆ ಮಾರಿದವು. ಅಂದರೆ ಅವರು ಸರಕು ಸಾಗಿಸಲಿಲ್ಲ, ರಸ್ತೆಯನ್ನೂ ಕಟ್ಟಲಿಲ್ಲ. ಸಾಗಿಸುವವರಿಗೆ ಡಿಪೋ ಕಟ್ಟಿಕೊಟ್ಟರು.

ಎಂಬತ್ತರ ದಶಕದ ಕೊನೆಯಲ್ಲಿ ಅವರು ಒಬ್ಬ ಭಾಗೀದಾರರೊಡನೆ ಕೋರಲ್ ನೆಟ್‌ವರ್ಕ್ಸ್ ಎಂಬ ಮೊದಲ ಕಂಪನಿಯನ್ನು ಸ್ಥಾಪಿಸಿದರು. ಯಾವ ವಸ್ತುವನ್ನು ತಯಾರಿಸಬೇಕು, ಯಾವ ದಾರಿ ಹಿಡಿಯಬೇಕು ಎಂಬುದರಲ್ಲಿ ಇಬ್ಬರಿಗೂ ಒಮ್ಮತ ಮೂಡಲಿಲ್ಲ. ದೇಶಪಾಂಡೆಯವರು ತಾವೇ ಹುಟ್ಟಿಸಿದ ಕಂಪನಿಯಿಂದ ಹೊರನಡೆದರು. ಹೆಂಡತಿ, ಸಣ್ಣ ಮಕ್ಕಳು, ಕೈಯಲ್ಲಿ ನೌಕರಿ ಇಲ್ಲ, ಕಟ್ಟಿದ ಸಂಸ್ಥೆಯೂ ಇಲ್ಲ. ಆ ಕಂಪನಿ ಮುಂದೆ 1993ರಲ್ಲಿ ಬೇರೊಬ್ಬರ ಪಾಲಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ಭಾಗೀದಾರರು ಮುರಿದುಕೊಂಡರೆ ಏನಾಗುತ್ತದೆ? ಮೊದಲು ಖಾತೆ-ಕೀರ್ದಿ ಬೀಗದೊಳಗೆ ಹೋಗುತ್ತವೆ, ಅನಂತರ ವಕೀಲರ ನೋಟೀಸು, ಅನಂತರ ಚಿಕ್ಕೋಡಿಯ ಕೋರ್ಟಿನ ಮೆಟ್ಟಿಲು. ಮಷೀನುಗಳಿಗೆ ತುಕ್ಕು ಹಿಡಿಯುವವರೆಗೂ ಹಟ ಬಿಡುವುದಿಲ್ಲ. ಎರಡು ಮನೆತನಗಳು ಮದುವೆ-ಮುಂಜಿಗಳಲ್ಲಿ ಮುಖ ನೋಡದಂತಾಗುತ್ತವೆ. ವ್ಯಾಜ್ಯದ ಜಾಗದಲ್ಲಿ ಬೆಳೆದ ಜಾಲಿಗಿಡಗಳನ್ನು ನಾವೆಲ್ಲ ನೋಡಿದ್ದೇವೆ. ದೇಶಪಾಂಡೆಯವರು ಹಟ ಹಿಡಿದಿದ್ದರೆ ಹೊಸ ತಂತ್ರಜ್ಞಾನವು ಹಣ್ಣಾಗುತ್ತಿದ್ದ ಆ ಅಮೂಲ್ಯವಾದ ಎರಡು-ಮೂರು ವರ್ಷಗಳು ಕೋರ್ಟಿನಲ್ಲಿಯೇ ಕಳೆದುಹೋಗುತ್ತಿದ್ದವು. ಅವರು ಬಿಟ್ಟು ನಡೆದು 1990ರ ಸುಮಾರಿಗೆ ಕ್ಯಾಸ್ಕೇಡ್ ಕಮ್ಯೂನಿಕೇಶನ್ಸ್ ಎಂಬ ಎರಡನೆಯ ಕಂಪನಿಗೆ ಕೈ ಹಾಕಿದರು.

ಕ್ಯಾಸ್ಕೇಡಿನಲ್ಲಿ ಅವರು ಮಾಡಿದ ಒಂದು ನಿರ್ಧಾರವೇ ಈ ಲೇಖನಕ್ಕೆ ಮುಖ್ಯ ಕಾರಣ. ಯಂತ್ರದ ಕಲ್ಪನೆ ತಮ್ಮದು, ಮೊದಲ ಹೂಡಿಕೆದಾರರನ್ನು ಹುಡುಕಿದವರು ತಾವು. ಆದರೂ ಕಂಪನಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಸ್ಥಾನದಲ್ಲಿ ಅವರು ಕುಳಿತುಕೊಳ್ಳಲಿಲ್ಲ. ಮಾರಾಟ ಮತ್ತು ಆಡಳಿತದಲ್ಲಿ ತಮಗಿಂತ ಹೆಚ್ಚು ನುರಿತ ಡ್ಯಾನ್ ಸ್ಮಿತ್ ಎಂಬುವರನ್ನು ಕರೆತಂದು ಆ ಸ್ಥಾನದಲ್ಲಿ ಕೂರಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಪೇಢಿಯನ್ನು ತಾವು ತೆರೆದು ಗಾದಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟರು. ಗಾದಿ ಬಿಟ್ಟವರೆಂದು ಅವರ ಮಾನ ಕಡಿಮೆಯಾಗಲಿಲ್ಲ, ಪಾಲೂ ಹೋಗಲಿಲ್ಲ. ಕಂಪನಿ 1994ರಲ್ಲಿ ಷೇರು ಪೇಟೆಗೆ ಬಂದಿತು. ಆಗತಾನೆ ಬೆಳೆಯುತ್ತಿದ್ದ ಇಂಟರ್‌ನೆಟ್ಟಿನ ಸಂಚಾರದ ಬಹುದೊಡ್ಡ ಭಾಗ ಕ್ಯಾಸ್ಕೇಡಿನ ಸ್ವಿಚ್ಚುಗಳ ಮೂಲಕ ಹಾದುಹೋಗತೊಡಗಿತು. 1997ರಲ್ಲಿ ಅಸೆಂಡ್ ಎಂಬ ಕಂಪನಿ ಅದನ್ನು 370 ಕೋಟಿ ಡಾಲರುಗಳಿಗೆ ಖರೀದಿಸಿತು. ಅಂದಿನ ವಿನಿಮಯ ದರದಲ್ಲಿ ಅದು ಸುಮಾರು 13 ಸಾವಿರ ಕೋಟಿ ರೂಪಾಯಿ. ಮರು ವರ್ಷ ಮೂರನೆಯ ಕಂಪನಿಯನ್ನು ಆರಂಭಿಸಿದಾಗಲೂ ಅದೇ ಸ್ಮಿತ್ ಅವರನ್ನೇ ಅದೇ ಸ್ಥಾನಕ್ಕೆ ಕರೆದುಕೊಂಡರು.

ನಮ್ಮ ಐದು ತಾಲೂಕುಗಳ ವ್ಯಾಪಾರಿ ಮನೆತನಗಳಲ್ಲಿ ಇಂಥ ಒಂದು ಉದಾಹರಣೆಯನ್ನು ಹುಡುಕಿ ನೋಡಿರಿ. ಅಜ್ಜ ತೆರೆದ ಅಂಗಡಿಯ ಗಾದಿಯ ಮೇಲೆ ಅಪ್ಪ ಕೂರುತ್ತಾನೆ. ಅಪ್ಪನಿಗೆ ಎಪ್ಪತ್ತೈದು ವರ್ಷವಾದರೂ ಚೆಕ್ಕಿಗೆ ಸಹಿ ಅವನದೇ. ಐವತ್ತು ದಾಟಿದ ಮಗ ಅವನ ಎದುರಿಗೆ ನಿಂತು ಕೇಳಿಯೇ ಮಾಲು ಖರೀದಿಸಬೇಕು. ಮೊಮ್ಮಗ ಎಂಜಿನಿಯರಿಂಗ್ ಓದಿದವನು ಈ ಕಟ್ಟಳೆ ನೋಡಿ ಪುಣೆಗೋ ಬೆಂಗಳೂರಿಗೋ ಹೋಗಿಬಿಡುತ್ತಾನೆ. ಮೂವತ್ತು ವರ್ಷ ದುಡಿದ ಮುನೀಮನಿಗೆ ಎಲ್ಲ ಗಿರಾಕಿಗಳ ನಾಡಿ ಗೊತ್ತು, ಆದರೆ ಅವನಿಗೆ ಪೇಢಿಯಲ್ಲಿ ಒಂದಾಣೆಯ ಪಾಲು ಕೊಡುವ ಮಾತನ್ನು ಯಾರೂ ಎತ್ತುವುದಿಲ್ಲ. ಪರಕೀಯನಿಗೆ ಪಾಲೇ? ಎಂದು ಕೇಳುತ್ತಾರೆ. ಹಿರಿಯರ ಮೇಲಿನ ಗೌರವಕ್ಕೆ ನನ್ನ ವಿರೋಧವಿಲ್ಲ. ನನ್ನ ತಂದೆಯವರು ಇರುವವರೆಗೆ ನಾನೂ ಅವರ ಎದುರು ಕುರ್ಚಿಯ ಮೇಲೆ ಕುಳಿತವನಲ್ಲ. ಆದರೆ ಗೌರವ ಬೇರೆ, ಕಾರಭಾರ ಬೇರೆ. ಒಡೆತನ, ಆಡಳಿತ, ಮನೆತನದ ಮರ್ಯಾದೆ ಈ ಮೂರನ್ನೂ ಒಂದೇ ಗಾದಿಯ ಕೆಳಗೆ ಹೊಲಿದುಬಿಟ್ಟಿದ್ದರಿಂದ ಒಂದು ಹರಿದರೆ ಮೂರೂ ಹರಿಯುತ್ತವೆ.

ಮಾರುವ ವಿಷಯವೂ ಹಾಗೆಯೇ. ನಮ್ಮಲ್ಲಿ ನಡೆಯುತ್ತಿರುವ ಕಾರಖಾನೆಯನ್ನು ಮಾರಿದರೆ, ಅವನು ಬಿದ್ದ ಎಂದು ಊರು ಆಡಿಕೊಳ್ಳುತ್ತದೆ. ಆದ್ದರಿಂದ ನಾವು ನಿಜವಾಗಿ ಬಿದ್ದ ಮೇಲೆಯೇ ಮಾರುತ್ತೇವೆ. ಆಗ ಬರುವುದು ಗುಜರಿಯ ಬೆಲೆ. ಎದ್ದು ನಿಂತ ಧಂದೆಗೆ ಒಳ್ಳೆಯ ಬೆಲೆ ಬಂದಾಗ ಮಾರಿ, ಆ ಹಣದಿಂದ ಇನ್ನೊಂದನ್ನು ಕಟ್ಟುವುದೂ ಒಂದು ಗೌರವದ ವ್ಯಾಪಾರವೇ ಎಂಬ ತಿಳಿವಳಿಕೆ ನಮ್ಮ ಪೇಟೆಗಳಲ್ಲಿ ಇನ್ನೂ ಮೂಡಬೇಕಾಗಿದೆ.

ಇಷ್ಟು ಹೇಳಿದ ಮೇಲೆ ಎರಡನೆಯ ಸಂಗತಿಗೆ ಬರುತ್ತೇನೆ. ಇದು ಅಷ್ಟು ಸಿಹಿಯಾದದ್ದಲ್ಲ.

1998ರಲ್ಲಿ ದೇಶಪಾಂಡೆ ಮತ್ತು ಸ್ಮಿತ್ ಇಬ್ಬರೂ ಸೇರಿ ಸಿಕಮೋರ್ ನೆಟ್‌ವರ್ಕ್ಸ್ ಸ್ಥಾಪಿಸಿದರು. ಎಂ.ಐ.ಟಿ.ಯ ಲಿಂಕನ್ ಪ್ರಯೋಗಾಲಯದಿಂದ ಬಂದ ತಂತ್ರಜ್ಞರು ಜೊತೆಗೂಡಿದರು. ಕೂದಲೆಳೆಯಷ್ಟು ಸಣ್ಣ ಗಾಜಿನ ತಂತುವಿನಲ್ಲಿ ಬೇರೆ ಬೇರೆ ಬಣ್ಣದ ಬೆಳಕುಗಳನ್ನು ಒಟ್ಟಿಗೆ ಹರಿಸಿ, ಪ್ರತಿಯೊಂದು ಬೆಳಕಿನ ಮೇಲೆಯೂ ಪ್ರತ್ಯೇಕವಾಗಿ ಮಾಹಿತಿ ಸಾಗಿಸುವ ವಿದ್ಯೆ ಆಗ ಬೆಳೆಯುತ್ತಿತ್ತು. ಈ ಬೆಳಕಿನ ದಾರಿಗಳನ್ನು ಬೇಕಾದಂತೆ ತಿರುಗಿಸಿ ನಿರ್ವಹಿಸುವ ಯಂತ್ರಗಳನ್ನು ಸಿಕಮೋರ್ ತಯಾರಿಸಿತು. 1999ರ ಅಕ್ಟೋಬರಿನಲ್ಲಿ ಷೇರು 38 ಡಾಲರಿಗೆ ಬಿಡುಗಡೆಯಾಗಿ ಮೊದಲ ದಿನವೇ ಸುಮಾರು 185 ಡಾಲರಿಗೆ ನಿಂತಿತು. ಮುಂದಿನ ಮಾರ್ಚ್ ಹೊತ್ತಿಗೆ ಕಂಪನಿಯ ಪೇಟೆ ಮೌಲ್ಯ ನಾಲ್ಕು ಸಾವಿರ ಕೋಟಿ ಡಾಲರುಗಳನ್ನು ಮೀರಿತು. ದೇಶಪಾಂಡೆಯವರ ಹೆಸರು ಅಮೇರಿಕೆಯ ಅತ್ಯಂತ ಶ್ರೀಮಂತರ ಯಾದಿಯಲ್ಲಿ ಸೇರಿತು. ಹುಟ್ಟಿ ಎರಡೇ ವರ್ಷವಾದ ಕಂಪನಿಗೆ ಇಷ್ಟು ಬೆಲೆ!

ಆದರೆ ಆ ಕಂಪನಿಯ ಮಾಲನ್ನು ಕೊಳ್ಳುತ್ತಿದ್ದವರು ಯಾರು? ಆರಂಭದಲ್ಲಿ ಬಹುತೇಕ ಒಬ್ಬನೇ ಗಿರಾಕಿ: ವಿಲಿಯಮ್ಸ್ ಕಮ್ಯೂನಿಕೇಶನ್ಸ್. ಮುಂದೆ ಇನ್ನೂ ಕೆಲವರು ಸೇರಿದರೂ ಎಲ್ಲರೂ ಒಂದೇ ಜಾತಿಯ ಗಿರಾಕಿಗಳು, ಸಾಲ ತಂದು ಊರಿಂದೂರಿಗೆ ಗಾಜಿನ ತಂತು ಹೂಳುತ್ತಿದ್ದ ಹೊಸ ಟೆಲಿಫೋನ್ ಕಂಪನಿಗಳು. ಹೂಳಿದ ತಂತುವಿನಲ್ಲಿ ಹರಿಯುವಷ್ಟು ವ್ಯಾಪಾರ ಆಗ ಇರಲಿಲ್ಲ. 2001ರಲ್ಲಿ ಸಾಲ ಕೊಡುವವರು ಕೈ ಹಿಂತೆಗೆದರು. 2002ರ ಏಪ್ರಿಲ್‌ನಲ್ಲಿ ವಿಲಿಯಮ್ಸ್ ದಿವಾಳಿಗೆ ಅರ್ಜಿ ಹಾಕಿತು. 2001ರ ಜುಲೈಗೆ ಮುಗಿದ ವರ್ಷದಲ್ಲಿ ಸುಮಾರು 37 ಕೋಟಿ ಡಾಲರ್ ಇದ್ದ ಸಿಕಮೋರಿನ ಮಾರಾಟ ಮರು ವರ್ಷ ಸುಮಾರು ಆರೂವರೆ ಕೋಟಿಗೆ ಇಳಿಯಿತು. ಷೇರಿನ ಬೆಲೆ ಮೂರು ಡಾಲರಿನ ಕೆಳಗೆ ಬಂದಿತು. ಮೇಲಿನ ಬೆಲೆಯಲ್ಲಿ ಕೊಂಡ ಸಣ್ಣ ಹೂಡಿಕೆದಾರರ ಹಣ ನೀರಿನಲ್ಲಿ ಹೋಮ ಮಾಡಿದಂತಾಯಿತು. ಈ ಮಾತನ್ನು ಮುಚ್ಚಿಟ್ಟು ಅವರ ಜೀವನಚರಿತ್ರೆ ಬರೆಯುವುದು ಪ್ರಾಮಾಣಿಕತೆಯಲ್ಲ.

ಒಂದು ಗಿರಾಕಿಯ ಮೇಲೆ ನಿಂತ ಧಂದೆಯ ಕಷ್ಟವೇನೆಂಬುದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದವನಲ್ಲ. ಚಿಕ್ಕೋಡಿಯಲ್ಲಿರುವ ನನ್ನ ಸಣ್ಣ ವರ್ಕ್‌ಶಾಪು ಹದಿನಾಲ್ಕು ವರ್ಷ ಒಂದೇ ಸಕ್ಕರೆ ಕಾರಖಾನೆಗೆ ಬಿಡಿಭಾಗ ಮಾಡಿಕೊಡುತ್ತಿತ್ತು. ಹೆಸರು ಇಲ್ಲಿ ಬೇಡ. ಕಬ್ಬು ನುರಿಸುವ ಹಂಗಾಮಿಗೆ ಮುಂಚೆ ಹಗಲಿರುಳೆನ್ನದೆ ಲೇಥು ತಿರುಗಿಸುತ್ತಿದ್ದೆವು. ಕೆಲಸ ಹುಡುಕಿಕೊಂಡು ಹೋಗುವ ಪ್ರಸಂಗವೇ ಬರುತ್ತಿರಲಿಲ್ಲ. ಅದನ್ನೇ ನಾನು ಭಾಗ್ಯವೆಂದು ತಿಳಿದಿದ್ದೆ. ಒಂದು ವರ್ಷ ಕಾರಖಾನೆಯ ಹಣಕಾಸು ಕೆಟ್ಟಿತು. ಬಿಲ್ಲು ಮೊದಲು ಮೂರು ತಿಂಗಳು ತಡವಾಯಿತು, ಆಮೇಲೆ ಹನ್ನೊಂದು ತಿಂಗಳು. ಇತ್ತ ಉಕ್ಕಿನ ವ್ಯಾಪಾರಿ ಉದ್ರಿ ನಿಲ್ಲಿಸಿದ, ಬ್ಯಾಂಕಿನವರು ಸಿ.ಸಿ. ಖಾತೆಯ ಮೇಲೆ ಕಣ್ಣಿಟ್ಟರು. ಆರು ಜನ ಕೆಲಸಗಾರರಲ್ಲಿ ನಾಲ್ವರನ್ನು ಬಿಡಿಸಬೇಕಾಯಿತು. ಅವರು ಗಡಿ ದಾಟಿ ಕಾಗಲ್ ಎಂ.ಐ.ಡಿ.ಸಿ.ಗೆ ಹೋದರು, ಮರಳಲಿಲ್ಲ. ಒಳ್ಳೆಯ ಟರ್ನರನನ್ನು ತಯಾರು ಮಾಡಲು ಆರು ವರ್ಷ ಬೇಕು, ಕಳೆದುಕೊಳ್ಳಲು ಒಂದು ಬಟವಡೆ ತಪ್ಪಿದರೆ ಸಾಕು.

ಇಲ್ಲಿಯೇ ನನಗೂ ಸಿಕಮೋರಿಗೂ ಇದ್ದ ಅಂತರವನ್ನು ಒಪ್ಪಿಕೊಳ್ಳಬೇಕು. ಗಾತ್ರದ ಅಂತರವನ್ನಲ್ಲ, ಅದು ಆನೆಗೂ ಇರುವೆಗೂ ಇರುವಷ್ಟು. ಪೇಟೆ ಏರಿದ್ದಾಗಲೇ ಅವರು 2000ದ ಮಾರ್ಚ್‌ನಲ್ಲಿ ಮತ್ತೊಮ್ಮೆ ಷೇರು ಮಾರಿ ನೂರು ಕೋಟಿ ಡಾಲರಿಗೂ ಮಿಕ್ಕಿ ಹಣ ಕೂಡಿಸಿಕೊಂಡಿದ್ದರು. ಗಿರಾಕಿ ಬಿದ್ದರೂ ಕಂಪನಿ ಸಾಲಗಾರರ ಬಾಗಿಲಿಗೆ ಹೋಗಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ರೋಕಡದ ಮೇಲೆಯೇ ಉಸಿರಾಡಿತು. 2009ರಿಂದ ಆ ಹಣವನ್ನು ವಿಶೇಷ ಲಾಭಾಂಶವೆಂದು ಕಂತುಕಂತಾಗಿ ಷೇರುದಾರರಿಗೆ ಹಿಂದಿರುಗಿಸಿ, 2013ರಲ್ಲಿ ಉಳಿದ ವ್ಯವಹಾರವನ್ನು ಮಾರಿ ಕಂಪನಿಯನ್ನು ವಿಸರ್ಜಿಸಿದರು. ಸೋತ ಪೇಢಿಯನ್ನು ಹೀಗೆ ಲೆಕ್ಕ ಚುಕ್ತಾ ಮಾಡಿ ಬಾಗಿಲು ಹಾಕುವುದು ಗೆದ್ದ ಪೇಢಿಯನ್ನು ನಡೆಸುವುದಕ್ಕಿಂತ ಕಠಿಣ. ನಾನಾದರೋ ಒಳ್ಳೆಯ ಹಂಗಾಮುಗಳ ಲಾಭವನ್ನೆಲ್ಲ ಎರಡು ಎಕರೆ ಹೊಲಕ್ಕೂ ಮನೆಯ ಮೇಲಿನ ಮಾಳಿಗೆಗೂ ಹಾಕಿಬಿಟ್ಟಿದ್ದೆ. ನಮ್ಮ ಭಾಗದ ದೊಡ್ಡ ದೌರ್ಬಲ್ಯವೇ ಇದು: ಧಂದೆಯಿಂದ ಬಂದ ದುಡ್ಡು ಧಂದೆಯಲ್ಲಿ ಉಳಿಯುವುದಿಲ್ಲ, ಭೂಮಿಗೆ ಇಳಿಯುತ್ತದೆ. ಭೂಮಿ ಕಷ್ಟಕಾಲದಲ್ಲಿ ಕೈ ಹಿಡಿಯುತ್ತದೆಂದು ಹಿರಿಯರು ಹೇಳುತ್ತಾರೆ. ನಿಜ, ಆದರೆ ಹನ್ನೊಂದನೆಯ ತಿಂಗಳ ಬಟವಡೆಯ ದಿನ ಅದನ್ನು ಮುರಿಸಿ ಚಿಲ್ಲರೆ ಮಾಡಲು ಬರುವುದಿಲ್ಲ.

ಒಂದೇ ಗಿರಾಕಿಯ ಈ ಗ್ರಹಚಾರ ದೇಶಪಾಂಡೆಯವರು ಬಂಡವಾಳ ಹೂಡಿದ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಕಂಪನಿಯನ್ನೂ ಬಿಟ್ಟಿಲ್ಲ. 2000ದಲ್ಲಿ ಸಂಜಯ್ ನಾಯಕ್, ಕುಮಾರ್ ಶಿವರಾಜನ್ ಮತ್ತು ಅರ್ನೋಬ್ ರಾಯ್ ಅವರು ಕಟ್ಟಿದ ಈ ಕಂಪನಿಗೆ ಆರಂಭಿಕ ಬಂಡವಾಳ ಕೊಟ್ಟು ಅಧ್ಯಕ್ಷರಾಗಿದ್ದವರು ದೇಶಪಾಂಡೆಯವರೇ. ಇಲ್ಲಿಯೂ ದಿನನಿತ್ಯದ ಗಾದಿ ಅವರದಾಗಿರಲಿಲ್ಲ. ಬೆಳಕಿನ ತಂತುವಿನ ಜಾಲಕ್ಕೆ ಬೇಕಾದ ಯಂತ್ರಗಳನ್ನು ಭಾರತದಲ್ಲಿಯೇ ವಿನ್ಯಾಸ ಮಾಡಿ ತಯಾರಿಸುವ ಕೆಲವೇ ಕಂಪನಿಗಳಲ್ಲಿ ಅದೊಂದು. ಅದರ ದೊಡ್ಡ ವಿದೇಶೀ ಗಿರಾಕಿಯಾಗಿದ್ದ ಕೆನಡಾದ ನಾರ್ಟೆಲ್ 2009ರಲ್ಲಿ ದಿವಾಳಿಯೆದ್ದಾಗ ತೇಜಸ್ ಬಹಳ ಪೆಟ್ಟು ತಿಂದಿತು. ಹೇಗೋ ಚೇತರಿಸಿಕೊಂಡು 2017ರಲ್ಲಿ ಷೇರು ಪೇಟೆಗೆ ಬಂದಿತು. 2021ರಲ್ಲಿ ಟಾಟಾ ಸಮೂಹ ಅದರ ಹಿಡಿತದ ಪಾಲು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. 2023ರ ಆಗಸ್ಟಿನಲ್ಲಿ ಬಿ.ಎಸ್.ಎನ್.ಎಲ್.ನ 4ಜಿ ಜಾಲಕ್ಕಾಗಿ ಟಿ.ಸಿ.ಎಸ್.ನಿಂದ 7,492 ಕೋಟಿ ರೂಪಾಯಿಗಳ ಬೇಡಿಕೆ ದೊರೆಯಿತು. ಹಿಂದೊಮ್ಮೆ ಕಿತ್ತೂರಿಗೆ ಯಂತ್ರ ಕೊಟ್ಟ ಸಿ-ಡಾಟ್, ಟಿ.ಸಿ.ಎಸ್. ಮತ್ತು ತೇಜಸ್ ಈ ಮೂರೂ ಸೇರಿ ರೂಪಿಸಿದ ಸ್ವದೇಶಿ 4ಜಿ ವ್ಯವಸ್ಥೆಯನ್ನು 2025ರ ಸೆಪ್ಟೆಂಬರಿನಲ್ಲಿ ಪ್ರಧಾನಿಯವರು ಒಡಿಶಾದಲ್ಲಿ ರಾಷ್ಟ್ರಕ್ಕೆ ಸಮರ್ಪಿಸಿದರು. ಇದು ನಾವೆಲ್ಲ ಹೆಮ್ಮೆಪಡಬೇಕಾದ ಸಂಗತಿ. ಆದರೆ ಆ ಒಂದು ದೊಡ್ಡ ಬೇಡಿಕೆಯ ಮಾಲು ಪೂರೈಕೆ ಮುಗಿಯುತ್ತ ಬಂದಂತೆ, ಹಿಂದಿನ ವರ್ಷದ ಏಪ್ರಿಲ್-ಜೂನ್ ಅವಧಿಯಲ್ಲಿ 1,563 ಕೋಟಿ ಇದ್ದ ಕಂಪನಿಯ ಆದಾಯ 2025ರ ಅದೇ ಅವಧಿಯಲ್ಲಿ 202 ಕೋಟಿಗೆ ಕುಸಿದು ನಷ್ಟ ತೋರಿಸಿತು. ಟಾಟಾದವರ ಬೆಂಬಲವಿದ್ದ ಕಂಪನಿಗೇ ಹೀಗಾದರೆ, ಒಬ್ಬ ಗುತ್ತಿಗೆದಾರನನ್ನೋ ಒಂದು ಕಾರಖಾನೆಯನ್ನೋ ನಂಬಿ ಕುಳಿತ ನಮ್ಮ ವರ್ಕ್‌ಶಾಪುಗಳ ಪಾಡೇನು?

ದೇಶಪಾಂಡೆಯವರ ಎಲ್ಲ ಹೂಡಿಕೆಗಳೂ ಫಲ ಕೊಟ್ಟಿಲ್ಲ ಎಂಬುದನ್ನೂ ಸೇರಿಸಬೇಕು. ಅವರು ಅಧ್ಯಕ್ಷರಾಗಿದ್ದ ಎ123 ಎಂಬ ಬ್ಯಾಟರಿ ಕಂಪನಿ 2012ರಲ್ಲಿ ದಿವಾಳಿಯಾಯಿತು.

ಹಣ ಬಂದ ಮೇಲೆ ಅವರು ಮಾಡಿದ್ದೇನೆಂಬುದು ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ಅವರೂ ಶ್ರೀಮತಿ ಜಯಶ್ರೀಯವರೂ 1996ರಲ್ಲಿ ದೇಶಪಾಂಡೆ ಪ್ರತಿಷ್ಠಾನ ಸ್ಥಾಪಿಸಿದರು. 2002ರಲ್ಲಿ ಎರಡು ಕೋಟಿ ಡಾಲರ್ ಕೊಡುಗೆಯಿಂದ ಎಂ.ಐ.ಟಿ.ಯಲ್ಲಿ ತಂತ್ರಜ್ಞಾನ ನಾವೀನ್ಯ ಕೇಂದ್ರ ಆರಂಭವಾಯಿತು. ಪ್ರಯೋಗಾಲಯದಲ್ಲಿ ಹುಟ್ಟಿದ ವಿಚಾರವನ್ನು ಪೇಟೆಯವರೆಗೆ ನಡೆಸಿಕೊಂಡು ಬರುವುದು ಅದರ ಕೆಲಸ. 2010ರಲ್ಲಿ ಅಧ್ಯಕ್ಷ ಒಬಾಮಾ ಅವರು ನಾವೀನ್ಯ ಮತ್ತು ಉದ್ಯಮಶೀಲತೆಯ ರಾಷ್ಟ್ರೀಯ ಸಲಹಾ ಮಂಡಳಿಗೆ ಅವರನ್ನು ಸಹ-ಅಧ್ಯಕ್ಷರನ್ನಾಗಿ ನೇಮಿಸಿದರು. ಹುಬ್ಬಳ್ಳಿಯಲ್ಲಿ ಪ್ರತಿಷ್ಠಾನವು ಪದವೀಧರರಿಗೆ ಕೌಶಲ ತರಬೇತಿ, ರೈತರಿಗೆ ಕೃಷಿ ಹೊಂಡ, ಹೊಸ ಉದ್ಯಮಗಳಿಗೆ ಪೋಷಣಾ ಕೇಂದ್ರ ಮುಂತಾದ ಕಾರ್ಯಗಳನ್ನು ನಡೆಸುತ್ತಿದೆ. ಮಕ್ಕಳು ಮರಳಿನಲ್ಲಿ ಕಟ್ಟಿ ಕೆಡವಿ ಆಡುವ ಜಾಗಕ್ಕೆ ಇಂಗ್ಲಿಷಿನಲ್ಲಿ ಸ್ಯಾಂಡ್‌ಬಾಕ್ಸ್ ಎನ್ನುತ್ತಾರೆ. ಹುಬ್ಬಳ್ಳಿಯ ಈ ಪ್ರಯೋಗಕ್ಕೆ ಅವರು ಇಟ್ಟ ಹೆಸರೂ ಅದೇ. ಕೆಡವಿದರೂ ಯಾರೂ ಬೈಯದ ಜಾಗ. ನಮ್ಮ ಪೇಟೆಗಳಲ್ಲಿ ಅಂಥ ಜಾಗ ಒಂದಾದರೂ ಇದೆಯೆ?

ಈ ಲೇಖನವನ್ನು ಓದಿ ಕೆಲವು ಸದಸ್ಯರು, ಅಮೇರಿಕೆಯ ಮಾತು ಅಮೇರಿಕೆಗೆ, ಅಲ್ಲಿ ಸಾಹಸಕ್ಕೆ ಬಂಡವಾಳ ಕೊಡುವವರಿದ್ದಾರೆ, ಇಲ್ಲಿ ಬ್ಯಾಂಕು ಮನೆಯ ಉತಾರ ಕೇಳುತ್ತದೆ ಎಂದು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಕೋರಲ್ ಬಿಟ್ಟು ಬಂದವರಿಗೆ ಕ್ಯಾಸ್ಕೇಡಿಗಾಗಿ ಹಣ ಸಿಕ್ಕಿತು. ಇಲ್ಲಿ ಒಮ್ಮೆ ಸೋತವನಿಗೆ ಸಿಬಿಲ್ ಅಂಕ ನೋಡಿಯೇ ಬಾಗಿಲು ಹಾಕುತ್ತಾರೆ. ಇದರ ಜೊತೆಗೆ ಗಡಿಯ ತೊಂದರೆ ಬೇರೆ. ಒಂದು ಕಾಲದಲ್ಲಿ ನಿಪ್ಪಾಣಿ, ಕಾಗವಾಡಗಳಲ್ಲಿ ಅಂಗಡಿಯ ಬಾಗಿಲಲ್ಲಿ ನಿಂತರೆ ಮೊಬೈಲು ಮಹಾರಾಷ್ಟ್ರದ ಟವರು ಹಿಡಿದು, ಕುಳಿತಲ್ಲಿಯೇ ರೋಮಿಂಗ್ ಹಣ ತೆತ್ತವರು ನಾವು. ಎರಡೂ ರಾಜ್ಯಗಳ ಉದ್ಯಮ ನೀತಿಗಳು ನಮ್ಮ ವಿಷಯದಲ್ಲಿ ಹಾಗೆಯೇ ವರ್ತಿಸುತ್ತವೆ. ಆದರೆ ಗಾದಿಯನ್ನು ಯಾರಿಗೆ ಕೊಡಬೇಕು, ಲಾಭದಲ್ಲಿ ಎಷ್ಟನ್ನು ಧಂದೆಯಲ್ಲಿ ಇಡಬೇಕು, ಎರಡನೆಯ ಗಿರಾಕಿಯನ್ನು ಯಾವಾಗ ಹುಡುಕಬೇಕು ಎಂಬ ಪ್ರಶ್ನೆಗಳಿಗೆ ಯಾವ ಸರಕಾರದ ಅಪ್ಪಣೆಯೂ ಬೇಕಾಗಿಲ್ಲ.

ನಮ್ಮದೇ ಒಂದು ವಸ್ತುವನ್ನು ನೋಡಿರಿ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಕುಶಲಕರ್ಮಿಗಳು ತಲೆಮಾರುಗಳಿಂದ ಮಾಡುತ್ತಿರುವ ಚಪ್ಪಲಿಗೆ ಕೊಲ್ಹಾಪುರಿ ಎಂದು ಹೆಸರು. ಅಂದರೆ ಮಾಡಿದ ಊರಿನ ಹೆಸರಲ್ಲ, ಮಾರಿದ ಊರಿನ ಹೆಸರು. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅದೇ ಮಾದರಿಯ ಚಪ್ಪಲಿಯನ್ನು ಮೂಲದ ಹೆಸರಿಲ್ಲದೆ ತೋರಿಸಿದಾಗ ದೇಶದಲ್ಲೆಲ್ಲ ಗದ್ದಲವಾಯಿತು, ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಗದ್ದಲದಲ್ಲಿ ಕೊಲ್ಹಾಪುರದ ಹೆಸರು ಕೇಳಿಸಿದಷ್ಟು ಅಥಣಿಯ ಹೆಸರು ಕೇಳಿಸಲಿಲ್ಲ. ಅಥಣಿಯ ಕೈಗಳಿಗೆ ಕೌಶಲದ ಕೊರತೆ ಇಲ್ಲ. ಡ್ಯಾನ್ ಸ್ಮಿತ್ ಅವರಂಥ ಒಬ್ಬ ಮಾರುವವನ ಕೊರತೆ ಇದೆ, ಅವನಿಗೆ ಪಾಲು ಕೊಡುವ ಮನಸ್ಸಿನ ಕೊರತೆಯೂ ಇದೆ. ಚಿಕ್ಕೋಡಿ, ನಿಪ್ಪಾಣಿಗಳ ಎಂಜಿನಿಯರಿಂಗ್ ಕಾಲೇಜುಗಳಿಂದ ವರ್ಷವರ್ಷವೂ ಹೊರಬರುವ ನಮ್ಮದೇ ಮಕ್ಕಳಲ್ಲಿ ಅಂಥವರು ಇಲ್ಲವೆಂದು ನಾನು ನಂಬಲಾರೆ. ನಾವು ಕೇಳಿಲ್ಲ ಅಷ್ಟೆ.

ಆದ್ದರಿಂದ ಸಂಘದ ಗೌರವ ಕಾರ್ಯದರ್ಶಿಗಳಿಗೆ ನಾನು ಲಿಖಿತವಾಗಿ ಮೂರು ವಿನಂತಿಗಳನ್ನು ಸಲ್ಲಿಸಿದ್ದೇನೆ. ಮುಂದಿನ ವಾರ್ಷಿಕ ಸಭೆಗೆ ಮುನ್ನ ಐದೂ ತಾಲೂಕುಗಳಿಂದ ಇಪ್ಪತ್ತು ಮಂದಿ, ಅದರಲ್ಲಿ ಕನಿಷ್ಠ ಹತ್ತು ಮಂದಿ ನಲವತ್ತು ವರ್ಷದೊಳಗಿನವರು, ಒಂದು ದಿನ ಹುಬ್ಬಳ್ಳಿಗೆ ಹೋಗಿ ಅಲ್ಲಿಯ ಪೋಷಣಾ ಕೇಂದ್ರವನ್ನು ನೋಡಿ ಬರಬೇಕು. ಪಾಲುದಾರಿಕೆಯ ಕರಾರಿನಲ್ಲಿ ಬೇರ್ಪಡುವ ದಿನದ ಲೆಕ್ಕವನ್ನೂ, ಹೊರಗಿನ ನುರಿತವನಿಗೆ ಪಾಲು ಕೊಡುವ ಬಗೆಯನ್ನೂ ಮೊದಲೇ ಬರೆದಿಡುವುದು ಹೇಗೆಂಬುದರ ಬಗ್ಗೆ ಒಬ್ಬ ಲೆಕ್ಕಪರಿಶೋಧಕರನ್ನೂ ಒಬ್ಬ ವಕೀಲರನ್ನೂ ಕರೆಸಿ ಅರ್ಧ ದಿನದ ಗೋಷ್ಠಿ ನಡೆಸಬೇಕು. ಒಂದೇ ಗಿರಾಕಿಗೆ ಅರ್ಧಕ್ಕಿಂತ ಹೆಚ್ಚು ಮಾಲು ಕೊಡುತ್ತಿರುವ ಸದಸ್ಯರ ಯಾದಿಯನ್ನು ಗುಪ್ತವಾಗಿ ತಯಾರಿಸಿ, ಅವರಿಗೆ ಬೆಳಗಾವಿ ಮತ್ತು ಕೊಲ್ಹಾಪುರದ ಹೊಸ ಖರೀದಿದಾರರ ಪರಿಚಯ ಮಾಡಿಸಬೇಕು. ಯಾದಿಯಲ್ಲಿ ಮೊದಲ ಹೆಸರು ನನ್ನದನ್ನೇ ಬರೆದುಕೊಟ್ಟಿದ್ದೇನೆ. ನನ್ನ ಮಾರಾಟದಲ್ಲಿ ನೂರಕ್ಕೆ ಅರವತ್ತು ಇಂದಿಗೂ ಒಂದೇ ಕಾರಖಾನೆಗೆ ಹೋಗುತ್ತಿದೆ. ವರ್ಕ್‌ಶಾಪಿನ ಚೆಕ್ ಬುಕ್ಕು ಮಾತ್ರ ಕಳೆದ ದೀಪಾವಳಿಯ ಲಕ್ಷ್ಮೀಪೂಜೆಯಿಂದ ಮಗಳ ಕೈಯಲ್ಲಿದೆ.